ರೋಗಿಯ ಮನಸ್ಸಿನ ನೋವನ್ನು ಕೇಳಿದವರಾರು?

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಕ್ಯಾನ್ಸರ್ ಎಂಬ ಪದವನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ‘ಆ ಕಾಯಿಲೆ’ ಎಂದು ದನಿ ತಗ್ಗಿಸಿ ಹೇಳುವುದು ರೂಢಿಯಾಗಿಬಿಟ್ಟಿದೆ. ಆದರೆ ನಾವು ಹೆಸರು ಹೇಳದಿದ್ದ ಮಾತ್ರಕ್ಕೆ ಅದು ನಮ್ಮ ಮನೆಯ ಬಾಗಿಲಿನಿಂದ ಹಿಂದಿರುಗಿ ಹೋಗುವುದಿಲ್ಲ. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 14 ಲಕ್ಷ ಮಂದಿಗೆ ಹೊಸದಾಗಿ ಕ್ಯಾನ್ಸರ್ ತಗುಲಿತೆಂದೂ, 9 ಲಕ್ಷಕ್ಕೂ ಹೆಚ್ಚು ಮಂದಿ ಅದರಿಂದ ಮೃತಪಟ್ಟರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯೊಂದು ಅಂದಾಜಿಸಿದೆ. ಇಲ್ಲಿ ಕುಳಿತಿರುವ ನಮ್ಮಲ್ಲಿ ಹೆಚ್ಚಿನವರು ಬಂಧುವನ್ನೋ ನೆರೆಯವರನ್ನೋ ಈ ರೋಗದೊಂದಿಗೆ ಕಂಡವರೇ ಆಗಿರಬಹುದು.

ಇಂದು ನಾನು ರೋಗದ ಲಕ್ಷಣಗಳ ಬಗ್ಗೆ ಮಾತನಾಡಲು ಬಂದಿಲ್ಲ. ಅದನ್ನು ವೈದ್ಯರು ನನಗಿಂತ ಚೆನ್ನಾಗಿ ತಿಳಿಸಬಲ್ಲರು. ನನ್ನ ಮಾತು ಒಂದು ಪ್ರಶ್ನೆಯ ಕುರಿತು. ಆಸ್ಪತ್ರೆಗೆ ಹೋದ ರೋಗಿಯ ತೂಕ ನೋಡುತ್ತಾರೆ, ರಕ್ತದೊತ್ತಡ ನೋಡುತ್ತಾರೆ, ಜ್ವರ ನೋಡುತ್ತಾರೆ, ರಕ್ತ ತೆಗೆದು ಬಿಳಿ ಕಣಗಳನ್ನು ಎಣಿಸುತ್ತಾರೆ. ಸ್ಕ್ಯಾನ್ ಮಾಡಿ ಗಡ್ಡೆ ಎಷ್ಟು ಸೆಂಟಿಮೀಟರ್ ಇದೆಯೆಂದು ಬರೆದುಕೊಳ್ಳುತ್ತಾರೆ. ಇಷ್ಟೆಲ್ಲ ಅಳತೆಗಳ ನಡುವೆ ‘ನಿಮ್ಮ ಮನಸ್ಸು ಹೇಗಿದೆ? ರಾತ್ರಿ ನಿದ್ದೆ ಬರುತ್ತಿದೆಯೇ? ಯಾವುದರ ಭಯ ನಿಮ್ಮನ್ನು ಕಾಡುತ್ತಿದೆ?’ ಎಂದು ಕೇಳಿದವರಾರು? ಆಸ್ಪತ್ರೆಯಲ್ಲಿ ಕೇಳಿದರೇ? ಹೋಗಲಿ, ಮನೆಯಲ್ಲಿ ನಾವು ಕೇಳಿದೆವೇ?

ರೋಗ ಬಂದಾಗ ದುಃಖವಾಗುವುದು ಸಹಜವಲ್ಲವೇ, ಅದಕ್ಕೂ ತಪಾಸಣೆ ಬೇಕೇ ಎಂದು ಕೆಲವರು ಕೇಳಬಹುದು. ದುಃಖ ಸಹಜವೆಂಬುದು ನಿಜ. ಆದರೆ ಸಹಜವಾದ ದುಃಖಕ್ಕೂ ಮನುಷ್ಯನನ್ನು ಒಳಗಿನಿಂದ ಕುಸಿಯುವಂತೆ ಮಾಡುವ ಸಂಕಟಕ್ಕೂ ಅಂತರವಿದೆ. ಸಹಜವಾದ ದುಃಖದಲ್ಲಿರುವವನು ಅಳುತ್ತಾನೆ, ಮತ್ತೆ ಮೊಮ್ಮಗುವಿನ ಮಾತು ಕೇಳಿ ನಗುತ್ತಾನೆ. ಖಿನ್ನತೆಗೆ ಜಾರಿದವನಿಗೆ ಆ ನಗು ವಾರಗಟ್ಟಲೆ ಬರುವುದಿಲ್ಲ. ಅವನು ಆಸ್ಪತ್ರೆಗೆ ಹೋಗುವುದು ಬೇಡವೆನ್ನುತ್ತಾನೆ, ಮಾತ್ರೆಯನ್ನು ದಿಂಬಿನಡಿ ಇಡುತ್ತಾನೆ, ತಾನು ಮನೆಯವರಿಗೆ ಹೊರೆಯೆಂದು ನಂಬುತ್ತಾನೆ. ಖಿನ್ನತೆಯಿರುವ ರೋಗಿಗಳು ವೈದ್ಯರ ಸಲಹೆಯನ್ನು ಪಾಲಿಸದಿರುವ ಸಂಭವ ಇತರರಿಗಿಂತ ಸುಮಾರು ಮೂರು ಪಟ್ಟು ಹೆಚ್ಚೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2000ದಲ್ಲಿ ತೋರಿಸಿತು. ಅಂದರೆ ಮನಸ್ಸಿನ ಸಂಕಟವು ಮನಸ್ಸಿನಲ್ಲೇ ಉಳಿಯುವುದಿಲ್ಲ, ಅದು ಚಿಕಿತ್ಸೆಯ ದಾರಿಗೂ ಅಡ್ಡ ಬರುತ್ತದೆ.

ಸ್ಕಾಟ್ಲೆಂಡ್‌ನಲ್ಲಿ 21 ಸಾವಿರಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಕ್ಯಾನ್ಸರ್ ಇರುವವರಲ್ಲಿ ನೂರಕ್ಕೆ 13 ಮಂದಿ, ಸ್ತನ ಕ್ಯಾನ್ಸರ್ ಇರುವವರಲ್ಲಿ ನೂರಕ್ಕೆ 9 ಮಂದಿ ತೀವ್ರ ಖಿನ್ನತೆಯಲ್ಲಿದ್ದರು. ಇದಕ್ಕಿಂತಲೂ ಗಾಬರಿ ಹುಟ್ಟಿಸುವ ಸಂಗತಿ ಬೇರೊಂದಿದೆ. ಹೀಗೆ ಖಿನ್ನತೆಯಲ್ಲಿದ್ದವರ ಪೈಕಿ ನೂರಕ್ಕೆ 73 ಮಂದಿಗೆ ಅದಕ್ಕೆ ತಕ್ಕ ಯಾವ ಚಿಕಿತ್ಸೆಯೂ ಸಿಗುತ್ತಿರಲಿಲ್ಲ. ಇದು ಸರಕಾರವೇ ಎಲ್ಲರಿಗೂ ಉಚಿತ ವೈದ್ಯಸೇವೆ ನೀಡುವ ನಾಡಿನ ಕಥೆ. ನಮ್ಮ ಜಿಲ್ಲಾ ಕೇಂದ್ರಗಳ ಪರಿಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ.

ಸ್ವೀಡನ್‌ನಲ್ಲಿ 1991ರಿಂದ 2006ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಮತ್ತೊಂದು ಅಧ್ಯಯನವು 2012ರಲ್ಲಿ ಹೊರಬಂತು. ಕ್ಯಾನ್ಸರ್ ಇದೆಯೆಂದು ತಿಳಿದ ಮೊದಲ ವಾರದಲ್ಲಿ ಆತ್ಮಹತ್ಯೆಯ ಅಪಾಯವು ರೋಗವಿಲ್ಲದವರಿಗೆ ಹೋಲಿಸಿದರೆ 12 ಪಟ್ಟಿಗೂ ಹೆಚ್ಚಿತ್ತು. ಇಂಥ ಸಾವುಗಳ ಸಂಖ್ಯೆ ಸಣ್ಣದು. ರೋಗಿಗಳಲ್ಲಿ ಬಹುಪಾಲು ಮಂದಿ ಆ ದಾರಿಯತ್ತ ಯೋಚಿಸುವುದೂ ಇಲ್ಲ. ಆದರೆ ಆ ಮೊದಲ ವಾರವನ್ನು ಗಮನಿಸಿ. ಆಗ ಶಸ್ತ್ರಚಿಕಿತ್ಸೆಯೂ ಆಗಿರುವುದಿಲ್ಲ, ಕಿಮೋ ಕೂಡ ಶುರುವಾಗಿರುವುದಿಲ್ಲ. ರೋಗಿಯ ಕೈಯಲ್ಲಿರುವುದು ಒಂದು ವರದಿಯ ಕಾಗದ ಮಾತ್ರ. ಆ ಹೊತ್ತಿನಲ್ಲಿ ನಾವೆಲ್ಲ ಹಣ ಹೊಂದಿಸುವುದರಲ್ಲಿ, ಯಾವ ಆಸ್ಪತ್ರೆಯೆಂದು ವಿಚಾರಿಸುವುದರಲ್ಲಿ ಮುಳುಗಿರುತ್ತೇವೆ. ರೋಗಿ ಒಬ್ಬನೇ ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ.

ಈ ಒಂಟಿತನವನ್ನು ಅಳೆಯಲು ಸಾಧ್ಯವೇ? ಸಾಧ್ಯವೆಂದು ತೋರಿಸಿಕೊಟ್ಟವರಲ್ಲಿ ಅಮೆರಿಕದ ಮನೋವೈದ್ಯೆ ಜಿಮ್ಮೀ ಹಾಲೆಂಡ್ ಪ್ರಮುಖರು. 1928ರಲ್ಲಿ ಟೆಕ್ಸಾಸ್‌ನಲ್ಲಿ ಜನಿಸಿದ ಅವರು 2017ರಲ್ಲಿ ನಿಧನರಾದರು. ಅವರ ಪತಿ ಹೆಸರಾಂತ ಕ್ಯಾನ್ಸರ್ ತಜ್ಞರಾಗಿದ್ದರು. ಹೊಸ ಔಷಧಗಳ ಪ್ರಯೋಗಗಳಲ್ಲಿ ರೋಗಿಯ ದೇಹದ ಪ್ರತಿಯೊಂದು ವಿವರವನ್ನೂ ದಾಖಲಿಸುತ್ತಿದ್ದರು, ಆದರೆ ಮನಸ್ಸು ಹೇಗಿದೆಯೆಂದು ಯಾರೂ ಕೇಳುತ್ತಿರಲಿಲ್ಲ. ಇದು ಆಕೆಯನ್ನು ಕಾಡಿತು. 1977ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೋಗಿಗಳ ಮನಸ್ಸಿಗಾಗಿಯೇ ಒಂದು ವಿಭಾಗವನ್ನು ಅವರು ಕಟ್ಟತೊಡಗಿದರು.

ಅಲ್ಲಿ ಅವರಿಗೆ ಎದುರಾದ ತೊಡಕು ನಮಗೂ ಪರಿಚಿತವಾದದ್ದೇ. ‘ಮನೋವೈದ್ಯರು’ ಎಂಬ ಪದ ಕೇಳಿದೊಡನೆ ರೋಗಿಗಳು ‘ನನಗೇನೂ ಹುಚ್ಚು ಹಿಡಿದಿಲ್ಲ’ ಎನ್ನುತ್ತಿದ್ದರು. ಆದ್ದರಿಂದ ಹಾಲೆಂಡ್ ಮತ್ತು ಸಂಗಡಿಗರು ರೋಗದ ಹೆಸರುಗಳನ್ನೆಲ್ಲ ಬದಿಗಿಟ್ಟು ‘ಸಂಕಟ’ ಎಂಬರ್ಥದ ಸಾಮಾನ್ಯ ಪದವೊಂದನ್ನು ಆರಿಸಿಕೊಂಡರು. ಸಂಕಟವಿದೆ ಎಂದು ಒಪ್ಪಿಕೊಳ್ಳಲು ಯಾರಿಗೂ ನಾಚಿಕೆಯಾಗಬೇಕಾಗಿಲ್ಲ. ನೋವು ಎಷ್ಟಿದೆಯೆಂದು ಸೊನ್ನೆಯಿಂದ ಹತ್ತರವರೆಗಿನ ಅಂಕಿಗಳಲ್ಲಿ ಕೇಳುವ ಪದ್ಧತಿ ಆಸ್ಪತ್ರೆಗಳಲ್ಲಿ ಮೊದಲೇ ಇತ್ತು. ಅದೇ ಮಾದರಿಯಲ್ಲಿ ಅವರು ಕಾಗದದ ಮೇಲೊಂದು ಥರ್ಮಾಮೀಟರ್ ಚಿತ್ರ ಬರೆದರು. ಕೆಳಗೆ ಸೊನ್ನೆ, ಅಂದರೆ ಸಂಕಟವೇ ಇಲ್ಲ. ಮೇಲೆ ಹತ್ತು, ಅಂದರೆ ತಾಳಲಾರದಷ್ಟು ಸಂಕಟ. ಇಂದಿನ ದಿನವೂ ಸೇರಿ ಕಳೆದ ಒಂದು ವಾರದಲ್ಲಿ ನಿಮ್ಮ ಸಂಕಟ ಎಷ್ಟಿತ್ತೋ ಆ ಅಂಕಿಗೆ ಗುರುತು ಹಾಕಿರಿ ಎಂದರು. 1998ರಲ್ಲಿ ಇದರ ಮೊದಲ ಅಧ್ಯಯನ ಪ್ರಕಟವಾಯಿತು. ಯಾರ ಮೇಲೆ ಪರೀಕ್ಷಿಸಿದರು ಗೊತ್ತೇ? ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇರುವ ಗಂಡಸರ ಮೇಲೆ. ಹೆಚ್ಚಾಗಿ ವಯಸ್ಸಾದವರಿಗೆ ಬರುವ ಕಾಯಿಲೆ ಅದು. ಮನಸ್ಸಿನ ಮಾತನ್ನು ಬಾಯಿಬಿಟ್ಟು ಹೇಳಿ ಅಭ್ಯಾಸವಿಲ್ಲದ ಗಂಡಸರೂ ಒಂದು ಅಂಕಿಗೆ ಗುರುತು ಹಾಕಬಲ್ಲರು!

ಅಂಕಿಯ ಜೊತೆಗೆ ಒಂದು ಪಟ್ಟಿಯೂ ಇರುತ್ತದೆ. ಹಣದ ತೊಂದರೆಯೇ? ಆಸ್ಪತ್ರೆಗೆ ಬಂದು ಹೋಗುವುದು ಕಷ್ಟವೇ? ಮಕ್ಕಳನ್ನು ನೋಡಿಕೊಳ್ಳುವವರಿಲ್ಲವೇ? ಪತಿ ಅಥವಾ ಪತ್ನಿಯೊಂದಿಗೆ ಹೊಂದಾಣಿಕೆಯ ಸಮಸ್ಯೆಯೇ? ಭಯವೇ, ದುಃಖವೇ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದೇ? ದೇವರು, ಧರ್ಮ, ಶ್ರದ್ಧೆಗೆ ಸಂಬಂಧಿಸಿದ ತಳಮಳವೇ? ನೋವು, ನಿದ್ರಾಹೀನತೆ, ವಾಕರಿಕೆಯೇ? ರೋಗಿ ತನಗೆ ಅನ್ವಯಿಸುವುದನ್ನು ಗುರುತಿಸುತ್ತಾನೆ. ಅಂಕಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಯಾರಾದರೊಬ್ಬರು ಕುಳಿತು ಅವನೊಂದಿಗೆ ವಿವರವಾಗಿ ಮಾತನಾಡಬೇಕು. ಇಷ್ಟೇ. ಗುರುತು ಹಾಕಲು ಕೆಲವೇ ನಿಮಿಷಗಳು ಸಾಕು. ಅಕ್ಷರ ಬಾರದವರಿಗೆ ದಾದಿ ಓದಿ ಹೇಳಬಹುದು.

ಪಟ್ಟಿ ಏಕೆ ಬೇಕೆಂಬುದನ್ನು ನಾವು ಅರಿತುಕೊಳ್ಳಬೇಕು. ಇಬ್ಬರು ರೋಗಿಗಳು ಏಳು ಎಂಬ ಒಂದೇ ಅಂಕಿಗೆ ಗುರುತು ಹಾಕಬಹುದು. ಒಬ್ಬರದು ಬಸ್ಸಿನ ಖರ್ಚಿಗೆ ದುಡ್ಡಿಲ್ಲದ ಏಳು. ಇನ್ನೊಬ್ಬರದು ಬದುಕೇ ಬೇಡವೆನಿಸಿದ ಏಳು. ಮೊದಲನೆಯವರಿಗೆ ಬೇಕಾಗಿರುವುದು ಧನಸಹಾಯ, ಎರಡನೆಯವರಿಗೆ ಬೇಕಾಗಿರುವುದು ಮನೋವೈದ್ಯರು. ಕಾರಣ ತಿಳಿಯದೆ ಕೊಡುವ ಸಾಂತ್ವನವು ಹೊಟ್ಟೆನೋವಿಗೆ ತಲೆನೋವಿನ ಮಾತ್ರೆ ಕೊಟ್ಟಂತೆ.

ಅನುಭವಿ ವೈದ್ಯರಿಗೆ ಮುಖ ನೋಡಿದರೇ ತಿಳಿಯುವುದಿಲ್ಲವೇ ಎಂಬ ಪ್ರಶ್ನೆಯೂ ಇದೆ. ಹಲವು ಬಾರಿ ತಿಳಿಯುವುದಿಲ್ಲ. ಹೊರರೋಗಿ ವಿಭಾಗದ ಜನಜಂಗುಳಿಯಲ್ಲಿ ಒಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. ಅತ್ತವರತ್ತ ಎಲ್ಲರ ಗಮನ ಹೋಗುತ್ತದೆ, ಅಳದೆ ಕುಳಿತವರು ಧೈರ್ಯವಂತರೆನಿಸಿಕೊಳ್ಳುತ್ತಾರೆ. ಇನ್ನೊಂದು ತೊಡಕೂ ಇದೆ. ಹಸಿವಾಗದಿರುವುದು, ನಿದ್ದೆ ಬಾರದಿರುವುದು, ಆಯಾಸ, ತೂಕ ಇಳಿಯುವುದು ಇವೆಲ್ಲ ಖಿನ್ನತೆಯ ಲಕ್ಷಣಗಳು. ಕ್ಯಾನ್ಸರ್‌ನಿಂದಲೂ ಕಿಮೋದಿಂದಲೂ ಇವೇ ಉಂಟಾಗುತ್ತವೆ. ಹಾಗಾಗಿ ‘ಇದು ಔಷಧದ ಪರಿಣಾಮ’ ಎಂದು ಖಿನ್ನತೆಯನ್ನು ತಳ್ಳಿಹಾಕುವುದು ಸುಲಭ. ಈ ಗೊಂದಲವನ್ನು ನಿವಾರಿಸಲೆಂದೇ 1983ರಲ್ಲಿ ಇಬ್ಬರು ತಜ್ಞರು ಆಸ್ಪತ್ರೆಯ ರೋಗಿಗಳಿಗಾಗಿ 14 ಪ್ರಶ್ನೆಗಳ ಮಾಪನವೊಂದನ್ನು ರೂಪಿಸಿದರು. ದೇಹದ ಲಕ್ಷಣಗಳನ್ನು ಬಿಟ್ಟು ಮನಸ್ಸಿನ ಲಕ್ಷಣಗಳನ್ನಷ್ಟೇ ಅದು ಕೇಳುತ್ತದೆ.

ಯಾರಿಗೆ ಅಪಾಯ ಹೆಚ್ಚು? ಹಿಂದೆ ಖಿನ್ನತೆ ಅನುಭವಿಸಿದವರು, ಚಿಕ್ಕ ಮಕ್ಕಳ ತಂದೆತಾಯಂದಿರು, ಒಂಟಿಯಾಗಿರುವವರು, ಹಣದ ಬಿಕ್ಕಟ್ಟಿನಲ್ಲಿರುವವರು, ನೋವು ಹತೋಟಿಗೆ ಬಾರದವರು, ವೈದ್ಯರ ಭಾಷೆ ತಿಳಿಯದವರು. ಕೊನೆಯದನ್ನು ನಮ್ಮ ಮನೆಗಳಿಗೆ ಅನ್ವಯಿಸಿ ನೋಡಿ. ಬ್ಯಾರಿಯೋ ನವಾಯಿತಿಯೋ ಉರ್ದುವೋ ಮಾತ್ರ ಬಲ್ಲ ವೃದ್ಧ ತಾಯಿಯೊಬ್ಬರು ವೈದ್ಯರ ಮುಂದೆ ಕುಳಿತಿದ್ದಾರೆ ಎಂದುಕೊಳ್ಳಿ. ವೈದ್ಯರು ಪ್ರಶ್ನೆ ಕೇಳುತ್ತಾರೆ. ಉತ್ತರ ಹೇಳುವವನು ಮಗ. ಮಗ ಇಲ್ಲದಿದ್ದರೆ ಅಳಿಯ. ತನ್ನ ದೇಹದ ಬಗ್ಗೆ, ತನ್ನ ಎದೆಯ ಅಥವಾ ಗರ್ಭಕೋಶದ ರೋಗದ ಬಗ್ಗೆ ನಡೆಯುವ ಆ ಸಂಭಾಷಣೆಯಲ್ಲಿ ಆಕೆಗೆ ಒಂದು ಮಾತೂ ಇಲ್ಲ. ಹೊರಬಂದ ಮೇಲೆ ‘ಡಾಕ್ಟರ್ ಏನು ಹೇಳಿದರು ಮೋನೇ?’ ಎಂದು ಆಕೆ ಕೇಳಿದರೆ ‘ಏನೂ ಇಲ್ಲ ಉಮ್ಮಾ, ಗುಣವಾಗುತ್ತದಂತೆ’ ಎಂಬ ಉತ್ತರ. ಆಕೆಗೆ ಎಲ್ಲವೂ ಗೊತ್ತಾಗಿರುತ್ತದೆ. ಪಕ್ಕದ ಹಾಸಿಗೆಯವರ ಕೂದಲು ಉದುರಿದ್ದನ್ನು ಆಕೆ ನೋಡಿರುತ್ತಾಳೆ. ಮಗನಿಗೆ ನೋವಾಗದಿರಲೆಂದು ತಾಯಿ ಗೊತ್ತಿಲ್ಲದಂತೆ ನಟಿಸುತ್ತಾಳೆ, ತಾಯಿಗೆ ನೋವಾಗದಿರಲೆಂದು ಮಗ ಸುಳ್ಳು ಹೇಳುತ್ತಾನೆ. ಒಂದೇ ಸೂರಿನಡಿ ಪ್ರೀತಿಯ ಹೆಸರಿನಲ್ಲಿ ಇಬ್ಬರೂ ಒಂಟಿಗಳು!

ರೋಗದ ಸತ್ಯವನ್ನು ಮುಚ್ಚಿಡುವುದು ನಮ್ಮ ಸಂಸ್ಕೃತಿ, ಹೇಳಿಬಿಡುವುದು ಪಾಶ್ಚಾತ್ಯರ ಪದ್ಧತಿ ಎಂಬ ವಾದವುಂಟು. ಇತಿಹಾಸ ಬೇರೆಯೇ ಹೇಳುತ್ತದೆ. 1961ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ ನೂರಕ್ಕೆ 90ರಷ್ಟು ವೈದ್ಯರು ಕ್ಯಾನ್ಸರ್ ಇದೆಯೆಂಬುದನ್ನು ರೋಗಿಗೆ ತಿಳಿಸದಿರಲು ಬಯಸುವುದಾಗಿ ಹೇಳಿದ್ದರು. 1979ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರಕ್ಕೆ 97 ವೈದ್ಯರು ತಿಳಿಸಲು ಬಯಸಿದ್ದರು. ಎರಡು ದಶಕಗಳೊಳಗೆ ಅಲ್ಲಿನ ರೂಢಿ ತಲೆಕೆಳಗಾಯಿತು. ರೂಢಿಯನ್ನು ಮನುಷ್ಯರೇ ಮಾಡಿದ್ದು, ಮನುಷ್ಯರೇ ಬದಲಿಸಬಲ್ಲರು. ಎಷ್ಟು ತಿಳಿಯಬೇಕು, ಯಾವಾಗ ತಿಳಿಯಬೇಕು ಎಂಬ ತೀರ್ಮಾನ ರೋಗಿಯದಾಗಿರಲಿ. ಅದಕ್ಕೆ ಮೊದಲು ಅವರನ್ನೇ ಕೇಳಬೇಕಾಗುತ್ತದೆ.

ಸಹೋದರ ಸಹೋದರಿಯರೇ, ಇನ್ನು ನಮ್ಮೊಳಗಿನ ಒಂದು ಸೂಕ್ಷ್ಮ ವಿಷಯಕ್ಕೆ ಬರುತ್ತೇನೆ. ರೋಗಿ ನರಳಿದೊಡನೆ ನಾವು ಹೇಳುವ ಮೊದಲ ಮಾತು ‘ಸಬ್ರ್ ಮಾಡಿ’. ಮಾತು ಒಳ್ಳೆಯದೇ. ಆದರೆ ಅದನ್ನು ನಾವು ಯಾವ ಅರ್ಥದಲ್ಲಿ ಆಡುತ್ತಿದ್ದೇವೆ? ಅನೇಕ ಸಲ ಅದರ ಅರ್ಥ ‘ಇನ್ನು ಮಾತನಾಡಬೇಡಿ’ ಎಂದಾಗಿರುತ್ತದೆ. ರೋಗಿಗೆ ತನ್ನ ಭಯವನ್ನು ಹೇಳಿಕೊಂಡರೆ ಈಮಾನ್ ದುರ್ಬಲವೆಂದು ತಿಳಿದಾರು ಎಂಬ ಅಳುಕು. ಹೀಗೆ ಸಹನೆಯೆಂಬ ಸದ್ಗುಣವನ್ನು ನಾವು ರೋಗಿಯ ಬಾಯಿಗೆ ಬಿಗಿದ ಬಟ್ಟೆಯನ್ನಾಗಿ ಮಾಡಿಬಿಟ್ಟಿದ್ದೇವೆ.

ಪ್ರವಾದಿ ಯಾಕೂಬ್(ಅ)ರನ್ನು ಸುಂದರ ಸಹನೆಯ ಮಾದರಿಯೆಂದು ನಾವೆಲ್ಲ ಕಲಿತಿದ್ದೇವೆ. ಅದೇ ಯಾಕೂಬ್(ಅ) ಮಗ ಯೂಸುಫ್(ಅ)ರ ಅಗಲಿಕೆಯಿಂದ ದುಃಖಿಸಿ ಕಣ್ಣುಗಳ ಬೆಳಕನ್ನೇ ಕಳೆದುಕೊಂಡರೆಂಬುದನ್ನೂ ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅವರ ಕಣ್ಣೀರು ಅವರ ಸಹನೆಗೆ ಕುಂದು ತರಲಿಲ್ಲ. ಪ್ರವಾದಿವರ್ಯರು(ಸ) ಪುಟ್ಟ ಮಗ ಇಬ್ರಾಹೀಮರ ಮರಣದ ವೇಳೆ ಕಣ್ಣೀರಿಟ್ಟರು. ಕಂಡು ಅಚ್ಚರಿಪಟ್ಟವರಿಗೆ ಅದು ಕರುಣೆಯೆಂದು ವಿವರಿಸಿದರು. ಇಮಾಮ್ ಬುಖಾರಿಯವರು ತಮ್ಮ ಹದೀಸ್ ಸಂಗ್ರಹದ ‘ರೋಗಿಗಳು’ ಎಂಬ ಭಾಗದಲ್ಲಿ, ರೋಗಿಯು ತನ್ನ ನೋವನ್ನು ಹೇಳಿಕೊಳ್ಳಲು ಅನುಮತಿಯಿದೆ ಎಂಬುದಕ್ಕಾಗಿಯೇ ಒಂದು ಪ್ರತ್ಯೇಕ ಅಧ್ಯಾಯವನ್ನು ಇಟ್ಟಿದ್ದಾರೆ. ಅದರ ಶೀರ್ಷಿಕೆಯಲ್ಲೇ ಪ್ರವಾದಿ ಅಯ್ಯೂಬ್(ಅ)ರ ಮಾತನ್ನು ಉಲ್ಲೇಖಿಸಿದ್ದಾರೆ. ಸಹನೆಗೆ ಹೆಸರಾದ ಅಯ್ಯೂಬ್(ಅ) ಕೂಡ ತಮಗೆ ಕಷ್ಟವಾಗಿದೆಯೆಂದು ಹೇಳಿಕೊಂಡವರೇ!

ಅರಬಿ ಭಾಷೆಯಲ್ಲಿ ಮನಸ್ಸಿನ ಭಾರಕ್ಕೆ ಒಂದೇ ಪದವಿಲ್ಲ. ಕಳೆದುಹೋದುದರ ದುಃಖವನ್ನು ‘ಹುಝ್ನ್’ ಎಂದೂ ಬರಲಿರುವುದರ ಚಿಂತೆಯನ್ನು ‘ಹಮ್ಮ್’ ಎಂದೂ ವಿದ್ವಾಂಸರು ಬೇರ್ಪಡಿಸಿ ವಿವರಿಸಿದ್ದಾರೆ. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸುಗಳ ಪಾಲನೆಯ ಕುರಿತು ಬರೆದ ಗ್ರಂಥದಲ್ಲಿ, ಕಾರಣ ತಿಳಿದ ದುಃಖವನ್ನೂ ಕಾರಣ ತಿಳಿಯದ ದುಃಖವನ್ನೂ ಪ್ರತ್ಯೇಕಿಸಿದರು. ವೈದ್ಯರು ದೇಹಕ್ಕೆ ಕೊಡುವ ಗಮನವನ್ನು ಮನಸ್ಸಿಗೆ ಕೊಡುತ್ತಿಲ್ಲವೆಂದು ಆಕ್ಷೇಪಿಸಿದರು. ಸಾವಿರ ವರ್ಷಗಳಿಗೂ ಹಿಂದಿನ ಆ ಆಕ್ಷೇಪ ಇಂದಿಗೂ ಹಾಗೆಯೇ ಉಳಿದಿದೆಯಲ್ಲವೇ?

ಇನ್ನು ಕೆಲವರು ರೋಗಿಯ ಬಳಿ ಕುಳಿತು ‘ಯಾವ ಪಾಪದ ಫಲವೋ’ ಎಂದು ನಿಟ್ಟುಸಿರು ಬಿಡುತ್ತಾರೆ. ಈ ಒಂದು ಮಾತು ಮಾಡುವ ಹಾನಿ ಅಪಾರ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಅವರ ಸಂಗಡಿಗರು ಕಷ್ಟದಲ್ಲಿರುವವರು ಶ್ರದ್ಧೆಯನ್ನು ಬಳಸಿಕೊಳ್ಳುವ ಬಗೆಯನ್ನು ಎರಡಾಗಿ ವಿಂಗಡಿಸಿದರು. ದೇವನ ಕರುಣೆಯಲ್ಲಿ ಆಸರೆ ಕಾಣುವುದು ಒಂದು. ದೇವನು ತನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎಂದು ಭಾವಿಸುವುದು ಇನ್ನೊಂದು. ಎರಡನೆಯ ಭಾವನೆ ಇರುವವರಲ್ಲಿ ಸಂಕಟ ಹೆಚ್ಚೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಸಂಕಟದ ಪಟ್ಟಿಯಲ್ಲಿ ಶ್ರದ್ಧೆಯ ಪ್ರಶ್ನೆಯನ್ನೂ ಸೇರಿಸಿರುವುದು ಸುಮ್ಮನೆಯಲ್ಲ. ರೋಗಿಯನ್ನು ಸಂದರ್ಶಿಸುವುದು ನಮ್ಮಲ್ಲಿ ಪುಣ್ಯಕಾರ್ಯ. ಆ ಪುಣ್ಯಕಾರ್ಯಕ್ಕೆ ಹೋದವನು ರೋಗಿಯ ಎದೆಗೆ ಮುಳ್ಳು ಚುಚ್ಚಿ ಬರುವುದೇ?

ಇದರ ಇನ್ನೊಂದು ತುದಿಯೂ ಇದೆ. ‘ಧೈರ್ಯವಾಗಿರಿ, ಒಳ್ಳೆಯದನ್ನೇ ಯೋಚಿಸಿ, ಯೋಚನೆ ಸರಿಯಿದ್ದರೆ ರೋಗ ಓಡಿಹೋಗುತ್ತದೆ’ ಎಂಬ ಉಪದೇಶ. ಸಕಾರಾತ್ಮಕ ಚಿಂತನೆಯ ಈ ಒತ್ತಾಯವನ್ನು ಜಿಮ್ಮೀ ಹಾಲೆಂಡ್ ಒಂದು ದಬ್ಬಾಳಿಕೆಯೆಂದೇ ಕರೆದರು. ಅತ್ತರೆ ಗಡ್ಡೆ ಬೆಳೆಯುತ್ತದೆ, ನಕ್ಕರೆ ಕರಗುತ್ತದೆ ಎಂಬುದಕ್ಕೆ ದೃಢವಾದ ಆಧಾರವಿಲ್ಲ. ಆದರೆ ಹಾಗೆಂದು ನಂಬಿದ ರೋಗಿಯು ಕಾಯಿಲೆ ಮರುಕಳಿಸಿದಾಗ ‘ನಾನೇ ಸರಿಯಾಗಿ ಯೋಚಿಸಲಿಲ್ಲ’ ಎಂದು ತನ್ನನ್ನೇ ಹಳಿದುಕೊಳ್ಳುತ್ತಾನೆ. ರೋಗದ ಭಾರದ ಮೇಲೆ ಅಪರಾಧಿ ಭಾವದ ಇನ್ನೊಂದು ಭಾರ!

ಇಷ್ಟಾದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಕೇವಲ ಅಂಕಿ ಬರೆಸಿಕೊಂಡರೆ ಯಾವ ಪ್ರಯೋಜನವೂ ಇಲ್ಲ. ಜ್ವರ ನೋಡಿ ಔಷಧ ಕೊಡದ ಥರ್ಮಾಮೀಟರ್‌ನಿಂದ ಏನು ಲಾಭ? 2000ದ ದಶಕದಲ್ಲಿ ಕೆನಡಾ ಮನಸ್ಸಿನ ಸಂಕಟವನ್ನು ಆರನೆಯ ಜೀವಲಕ್ಷಣವೆಂದು ಅಂಗೀಕರಿಸಿತು. ದೇಹದ ಉಷ್ಣತೆ, ನಾಡಿ, ಉಸಿರು, ರಕ್ತದೊತ್ತಡ, ನೋವು ಇವು ಮೊದಲ ಐದು. ಅಮೆರಿಕದಲ್ಲಿ ಕ್ಯಾನ್ಸರ್ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಮಂಡಳಿಯು 2015ರಿಂದ ಈ ತಪಾಸಣೆಯನ್ನು ಕಡ್ಡಾಯಗೊಳಿಸಿತು. ಆದರೂ ಅಂಕಿ ಬರೆದ ಕಾಗದ ಕಡತದಲ್ಲೇ ಉಳಿದ ಕಡೆ ರೋಗಿಗಳ ಸ್ಥಿತಿಯಲ್ಲಿ ಬದಲಾವಣೆ ಕಾಣಲಿಲ್ಲ. ಮುಂದಿನ ಹೆಜ್ಜೆ ಇಟ್ಟ ಕಡೆ ಫಲ ಸಿಕ್ಕಿತು. ಸ್ಕಾಟ್ಲೆಂಡ್‌ನಲ್ಲೇ ತೀವ್ರ ಖಿನ್ನತೆಯಿದ್ದ 500 ಕ್ಯಾನ್ಸರ್ ರೋಗಿಗಳ ಮೇಲೆ ಪ್ರಯೋಗವೊಂದು ನಡೆಯಿತು. ಅರ್ಧದಷ್ಟು ಮಂದಿಗೆ ಮಾಮೂಲಿ ಆರೈಕೆ. ಉಳಿದವರಿಗೆ ತರಬೇತಾದ ದಾದಿಯರು, ಮನೋವೈದ್ಯರು, ಕುಟುಂಬ ವೈದ್ಯರು ಸೇರಿ ನೀಡಿದ ವ್ಯವಸ್ಥಿತ ಆರೈಕೆ. 24 ವಾರಗಳ ನಂತರ ಖಿನ್ನತೆ ಅರ್ಧಕ್ಕರ್ಧವಾದರೂ ಇಳಿದವರು ಮಾಮೂಲಿ ಆರೈಕೆಯ ಗುಂಪಿನಲ್ಲಿ ನೂರಕ್ಕೆ 17 ಮಂದಿ, ವ್ಯವಸ್ಥಿತ ಆರೈಕೆಯ ಗುಂಪಿನಲ್ಲಿ ನೂರಕ್ಕೆ 62 ಮಂದಿ! ಅವರ ನೋವು ಮತ್ತು ಆಯಾಸಗಳೂ ಕಡಿಮೆಯಾಗಿದ್ದವು. ಆ ಆರೈಕೆಯ ಬಹುಪಾಲನ್ನು ನಡೆಸಿಕೊಟ್ಟವರು ದಾದಿಯರು ಎಂಬುದನ್ನು ಮರೆಯಬಾರದು.

ನಮ್ಮ ನಾಡಿನಲ್ಲಿ ಇದು ಸಾಧ್ಯವೇ? ಭಾರತದಲ್ಲಿ ಒಂದು ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ಆದ್ದರಿಂದಲೇ ನಮಗೆ ತಪಾಸಣೆ ಇನ್ನಷ್ಟು ಅಗತ್ಯ. ವೈದ್ಯರು ಕಡಿಮೆ ಇರುವಲ್ಲಿ ಯಾರನ್ನು ಮೊದಲು ಅವರ ಬಳಿಗೆ ಕಳುಹಿಸಬೇಕೆಂದು ತಿಳಿದಿರಬೇಕಲ್ಲವೇ? ಕರ್ನಾಟಕಕ್ಕೆ ಈ ಕ್ಷೇತ್ರದಲ್ಲಿ ಬುನಾದಿಯೂ ಇದೆ. ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಸಚಿವ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಕ್ಯಾನ್ಸರ್ ಸಂಸ್ಥೆ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅದರ ನೆರೆಯಲ್ಲೇ ನಿಮ್ಹಾನ್ಸ್ ಇದೆ. ಕ್ಯಾನ್ಸರ್ ರೋಗಿಗಳ ಮನಸ್ಸಿನ ಕುರಿತು ನಿಮ್ಹಾನ್ಸ್‌ನ ತಜ್ಞರು ದಶಕಗಳಿಂದ ಅಧ್ಯಯನ ನಡೆಸಿದ್ದಾರೆ. ಗುಣವಾಗದ ಹಂತ ತಲುಪಿದವರನ್ನು ಶುಲ್ಕವಿಲ್ಲದೆ ಆರೈಕೆ ಮಾಡುವ ‘ಕರುಣಾಶ್ರಯ’ವೂ ಅದೇ ನಗರದಲ್ಲಿದೆ. ಊರಿನ ವೈದ್ಯರ ಮೂಲಕವೇ ಮನೋಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆ. ಅದರ ಆಧಾರದಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು.

2025ರ ಫೆಬ್ರವರಿಯ ಕೇಂದ್ರ ಬಜೆಟ್‌ನಲ್ಲಿ, ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಹಗಲು ಆರೈಕೆಯ ಕ್ಯಾನ್ಸರ್ ಕೇಂದ್ರಗಳನ್ನು ತೆರೆಯಲಾಗುವುದು, 2025-26ರಲ್ಲಿಯೇ 200 ಕೇಂದ್ರಗಳು ಬರಲಿವೆ ಎಂದು ಘೋಷಿಸಲಾಯಿತು. ಘೋಷಣೆಗಳ ಹಿಂದೆ ಹೋಗಿ ಲೆಕ್ಕ ಕೇಳುವುದು ನಾಗರಿಕರ ಕರ್ತವ್ಯ. ಕೇಂದ್ರ ಎಂದರೆ ಕುರ್ಚಿ ಮತ್ತು ಡ್ರಿಪ್ ಸ್ಟ್ಯಾಂಡ್ ಮಾತ್ರವೇ? ಕಿಮೋ ಹನಿಯುವ ಆ ಗಂಟೆಗಳಲ್ಲಿ ರೋಗಿಯ ಬಳಿ ಕುಳಿತು ಅಂಕಿ ಕೇಳುವ ಒಬ್ಬ ಆಪ್ತಸಮಾಲೋಚಕ ಅಲ್ಲಿರಬೇಡವೇ? ಜಿಲ್ಲಾ ಆಸ್ಪತ್ರೆಯ ಒಂದು ಕೋಣೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ, ಇನ್ನೊಂದು ಕೋಣೆಯಲ್ಲಿ ಮಾನಸಿಕ ಆರೋಗ್ಯ ಘಟಕ. ಈ ಎರಡು ಕೋಣೆಗಳ ನಡುವೆ ಒಂದು ಚೀಟಿ ಓಡಾಡುವಂತೆ ಮಾಡಲು ಕೋಟಿ ರೂಪಾಯಿಯ ಯೋಜನೆ ಬೇಕಾಗಿಲ್ಲ. ನಮ್ಮ ಜನಪ್ರತಿನಿಧಿಗಳು ಮತ ಕೇಳಲು ಬಂದಾಗ ರಸ್ತೆ ಮತ್ತು ಕಬರ್‌ಸ್ತಾನದ ಆವರಣ ಗೋಡೆಯ ಜೊತೆಗೆ ಈ ಬೇಡಿಕೆಯನ್ನೂ ಮುಂದಿಡೋಣ.

ಸರಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಮನೆಯಲ್ಲಿ ರೋಗಿ ಇದ್ದರೆ ವಾರಕ್ಕೊಮ್ಮೆ ಒಬ್ಬರೇ ಬಳಿ ಕುಳಿತು ಕೇಳಿ: ಈ ವಾರ ನಿಮ್ಮ ಸಂಕಟ ಹತ್ತರಲ್ಲಿ ಎಷ್ಟು? ಯಾವುದರಿಂದ ಹೆಚ್ಚಾಯಿತು? ಉತ್ತರ ಬಂದಾಗ ನಡುವೆ ಬಾಯಿ ಹಾಕಬೇಡಿ, ಉಪದೇಶ ಮಾಡಬೇಡಿ. ರೋಗ ಪತ್ತೆಯಾದಾಗ, ಚಿಕಿತ್ಸೆ ಶುರುವಾದಾಗ, ಕಾಯಿಲೆ ಮರಳಿ ಬಂದಾಗ ತಪ್ಪದೆ ಕೇಳಿ. ಚಿಕಿತ್ಸೆ ಮುಗಿದಾಗಲೂ ಕೇಳಿ. ಎಲ್ಲರೂ ಸಂಭ್ರಮಿಸುವ ಆ ಹೊತ್ತಿನಲ್ಲಿಯೇ ‘ಮತ್ತೆ ಬಂದರೆ?’ ಎಂಬ ಭಯ ರೋಗಿಯನ್ನು ಮುತ್ತುತ್ತದೆ. ಅಂಕಿ ನಾಲ್ಕಕ್ಕೆ ಏರಿದರೆ ಅದನ್ನು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ. ಎರಡು ವಾರಗಳಿಂದ ಯಾವುದರಲ್ಲೂ ಆಸಕ್ತಿಯಿಲ್ಲ, ಮಂಕು ಕವಿದಿದೆ ಎಂದಾದರೆ ಮನೋವೈದ್ಯರನ್ನು ಕಾಣಲು ತಡಮಾಡಬೇಡಿ. ಬದುಕು ಬೇಡವೆಂಬ ಮಾತು ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ಒಂಟಿಯಾಗಿ ಬಿಡಬೇಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಲಭ್ಯವಿದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಜಮಾಅತ್‌ಗಳಲ್ಲಿ ಒಂದು ವಿನಂತಿ. ರೋಗಿಗಳಿಗೆ ಧನಸಹಾಯ ಮಾಡುವಲ್ಲಿ ನಮ್ಮ ಜಮಾಅತ್‌ಗಳೂ ಯುವಕ ಸಂಘಗಳೂ ಹಿಂದೆ ಬಿದ್ದಿಲ್ಲ. ಚೆಕ್ ಕೊಡುವಾಗ ಫೋಟೋ ತೆಗೆಯುವ ಬದಲು ಕೆಲ ನಿಮಿಷ ಕುಳಿತು ಆ ಪಟ್ಟಿಯ ಪ್ರಶ್ನೆಗಳನ್ನು ಕೇಳಿ. ಕರೆಂಟ್ ಚಿಕಿತ್ಸೆಗೆ ವಾರಗಟ್ಟಲೆ ಪ್ರತಿದಿನ ಹೋಗಬೇಕಾದ ತಾಯಿಗೆ ಮಕ್ಕಳನ್ನು ಶಾಲೆಯಿಂದ ಕರೆತರುವವರು ಸಿಕ್ಕಿದರೆ ಆಕೆಯ ಅಂಕಿ ಎರಡು ಮೆಟ್ಟಿಲು ಇಳಿದೀತು. ಮಹಿಳಾ ರೋಗಿಗಳ ಬಳಿ ಮಹಿಳೆಯರೇ ಹೋಗಲಿ, ವೈದ್ಯರ ಕೋಣೆಯಲ್ಲೂ ಆಕೆಯ ಭಾಷೆ ಬಲ್ಲ ಸಹೋದರಿಯೊಬ್ಬಳು ಜೊತೆಗಿರಲಿ. ಖತೀಬರು ಜುಮಾ ಖುತ್ಬಾದಲ್ಲಿ ಒಮ್ಮೆಯಾದರೂ ಹೇಳಲಿ: ರೋಗವು ಶಾಪವಲ್ಲ, ವೈದ್ಯರಲ್ಲಿ ಮನಸ್ಸಿನ ನೋವನ್ನು ಹೇಳಿಕೊಳ್ಳುವುದು ಸಹನೆಗೆ ವಿರುದ್ಧವಲ್ಲ. ಮಿಂಬರಿನಿಂದ ಬರುವ ಆ ಎರಡು ವಾಕ್ಯಗಳು ಎಷ್ಟು ಮನೆಗಳ ಮುಚ್ಚಿದ ಬಾಗಿಲನ್ನು ತೆರೆದಾವೆಂದು ಊಹಿಸಲಾಗದು.

ಕ್ಯಾನ್ಸರ್ ಬಂದ ಎಲ್ಲರನ್ನೂ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿಲ್ಲ. ಆಯುಸ್ಸು ಅಲ್ಲಾಹನ ಕೈಯಲ್ಲಿದೆ. ಆದರೆ ಇರುವಷ್ಟು ದಿನ ಯಾರೂ ತಮ್ಮ ಭಯದೊಂದಿಗೆ ಒಂಟಿಯಾಗಿರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ, ಅದಕ್ಕೆ ನಾವು ಉತ್ತರ ಹೇಳಬೇಕಾದವರೂ ಆಗಿದ್ದೇವೆ. ಇಂದು ಮನೆಗೆ ಹಿಂದಿರುಗಿದ ಮೇಲೆ ಯಾರ ಬಳಿ ಹೋಗಿ ಕುಳಿತುಕೊಳ್ಳಬೇಕೆಂದು ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಹೊಳೆದಿರಬಹುದು. ಹೋಗಿ, ಕುಳಿತುಕೊಳ್ಳಿ, ಕೇಳಿ.